ರಾಗಿಯ ತೌರುಮನೆ

ಕಿಬ್ಬನಹಳ್ಳಿ ಕ್ರಾಸಿನ ಹೋಟೆಲೊಂದರಲ್ಲಿ ಮೊನ್ನೆ ಮಧ್ಯಾಹ್ನ ಮುದ್ದೆ ಬಸ್ಸಾರಿಗೆ ಕುಳಿತಿದ್ದಾಗ, ವಾಷಿಂಗ್ಟನ್ನಿನಲ್ಲಿರುವ ಮಗಳು ಅಲ್ಲಿಯ ಇಥಿಯೋಪಿಯದವರ ಹೋಟೆಲಿನಿಂದ ಕಳುಹಿಸಿದ್ದ ಚಿತ್ರವನ್ನು ಎದುರಿಗಿದ್ದ ಹಿರಿಯ ರೈತರೊಬ್ಬರಿಗೆ ತೋರಿಸಿದೆ. ಹರಿವಾಣದಗಲ ಹಾಸಿದ ಇಂಜೆರಾ ಎಂಬ ಹುಳಿರೊಟ್ಟಿ, ಅದರ ಮೇಲೆ ಅಲ್ಲಲ್ಲಿ ಬೇಳೆ, ಸೊಪ್ಪು, ಕೋಸುಗಳ ಗುಪ್ಪೆ. "ಬರ ಬಿದ್ದ ದೇಶ ಸ್ವಾಮಿ ಅದು. ನಮ್ಮ ರಾಗಿ ಅವ್ರೆಲ್ಲಿ ಕಂಡವ್ರೆ? ಇದು ಈ ಮಣ್ಣಲ್ಲೇ ಹುಟ್ಟಿದ್ದು" ಎಂದರು.

ಈ ಕಡೆಯ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಕೇಳಿ ಕೇಳಿ ನನ್ನ ಸಹನೆ ತೀರಿದೆ. ರಾಗಿಯ ಜನ್ಮಭೂಮಿ ಇಥಿಯೋಪಿಯದಿಂದ ಉಗಾಂಡದವರೆಗೆ ಹಬ್ಬಿರುವ ಪೂರ್ವ ಆಫ್ರಿಕದ ಉನ್ನತ ಪ್ರದೇಶ. ನಮ್ಮ ಬದುಗಳಲ್ಲಿ ಬೆಳೆಯುವ, ರಾಗಿಯ ಪೈರನ್ನೇ ಹೋಲುವ ಹುಲ್ಲಿನಲ್ಲಿ ವರ್ಣತಂತುಗಳು 18 ಮಾತ್ರ. ರಾಗಿಯಲ್ಲಿ 36, ಆಫ್ರಿಕದ ಕಾಡುರಾಗಿಯಲ್ಲಿಯೂ 36. ರಾಗಿಯನ್ನು ಡಾಗುಸ್ಸಾ ಎಂದು ಕರೆಯುವ ಇಥಿಯೋಪಿಯದವರು ಅದನ್ನು ಇಂಜೆರಾದ ಹಿಟ್ಟಿಗೂ ಬೆರೆಸುವರು. ಇಷ್ಟು ದೂರವೇಕೆ? ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳನ್ನು ನಮ್ಮ ತಳಿಗಳೊಡನೆ ಸಂಕರಿಸಿ, 1970ರ ದಶಕದಿಂದ ರೈತರ ಕೈಗಿತ್ತ ರಾಗಿಗೆ ಇಂಡಾಫ್ ಎಂದೇ ಹೆಸರು: ಇಂಡಿಯಾದ 'ಇಂಡ್', ಆಫ್ರಿಕದ 'ಆಫ್'. ಆ ಬೀಜವನ್ನು ಕೂರಿಗೆಯಲ್ಲಿ ಬಿತ್ತಿ, ಆ ಹೆಸರನ್ನು ದಿನವೂ ಉಚ್ಚರಿಸಿ, ಅದರ ಅರ್ಥವೇನೆಂದು ಒಮ್ಮೆಯೂ ವಿಚಾರಿಸದೆ ಇರುವುದು ಹೇಗೆ ಸಾಧ್ಯವಾಯಿತೆಂಬುದೇ ನನ್ನ ವ್ಯಥೆ.

ರಾಗಿಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ತಳೆದು ನಿಲ್ಲುವ ಹುಚ್ಚೆಳ್ಳಂತೂ ತನ್ನ ಕುಲವನ್ನು ಮರೆಮಾಚಿಯೇ ಇಲ್ಲ. ಅದರ ಶಾಸ್ತ್ರೀಯ ನಾಮಧೇಯ ಗೈಜೋಷಿಯಾ ಅಬಿಸಿನಿಕಾ, ಅಂದರೆ ಅಬಿಸೀನಿಯದ್ದು, ಇಂದಿನ ಇಥಿಯೋಪಿಯದ್ದು.

ಉಳಿದ ಭ್ರಮೆಗಳಿಗೆ ಒಂದೊಂದು ಮಾತು ಸಾಕು. ಇಂಜೆರಾ ನಮ್ಮ ದೋಸೆಯಲ್ಲ. ಟೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿಯಿಟ್ಟು, ಮಗುಚದೆ ಒಂದೇ ಮಗ್ಗುಲು ಬೇಯಿಸುವಂಥದು. ಅವರದು ಬರಿಯ ಮಾಂಸದೂಟವೆಂಬುದೂ ಸುಳ್ಳು. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರಗಳಂದು ಮಾಂಸವಿರಲಿ, ಹಾಲು ತುಪ್ಪವನ್ನೂ ವರ್ಜಿಸುವರು. ಒಂದೇ ಹರಿವಾಣದಲ್ಲಿ ಉಣ್ಣುವುದನ್ನು ಎಂಜಲೆಂದು ಹೇಸುವವರು, ತುತ್ತು ಮಾಡಿ ಪ್ರೀತಿಪಾತ್ರರ ಬಾಯಿಗಿಡುವ ಅವರ 'ಗುರ್ಶಾ'ವನ್ನು ನೋಡಿ, ತಮ್ಮ ತಾಯಂದಿರ ಕೈತುತ್ತನ್ನು ನೆನೆದುಕೊಳ್ಳಲಿ.

ಬಾಯಿಗೆ ರುಚಿಸಿದ್ದೆಲ್ಲವೂ ಅನಾದಿಯಿಂದ ನಮ್ಮದೇ ಎಂದು ನಂಬುವ ಜನ, ಪೋರ್ಚುಗೀಸರ ಹಡಗಿನಲ್ಲಿ ಬಂದ ಅಮೆರಿಕದ ಮೆಣಸಿನಕಾಯಿಯನ್ನೂ ಪುರಾಣಕಾಲಕ್ಕೆ ಒಯ್ಯುವರು. ಕೇಳಿದ್ದನ್ನು ಪರೀಕ್ಷಿಸದೆ ಮಕ್ಕಳಿಗೂ ದಾಟಿಸುವರು.

ಹಿರಿಯರು ಮಾತ್ರ ಎಲ್ಲವನ್ನೂ ಸಾವಧಾನವಾಗಿ ಕೇಳಿ, ಚಿತ್ರವನ್ನು ಮತ್ತೊಮ್ಮೆ ಬೇಡಿ ನೋಡಿದರು. "ಹುಚ್ಚೆಳ್ಳ ಅವ್ರೂ ಚಟ್ನೀಗೆ ಹುರೀತಾರಾ?" ಎಂದರು. ಬಹುಪಾಲು ಎಣ್ಣೆ ತೆಗೆಯುವರೆಂದೂ, ಉಪವಾಸದ ದಿನಗಳಲ್ಲಿ ಹುರಿದು ಅರೆದು ನೀರಿಗೆ ಕದಡಿ ಬಳಸುವರೆಂದೂ ಹೇಳಿದೆ.