ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ

ವಿಂಡೋಸ್ 10 ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದನ್ನೇ ನೆಚ್ಚಿದ್ದ ಮನೆಯ ಗಣಕವನ್ನು ಇನ್ನೇನು ಮಾಡುವುದೆಂದು ವಾಚಕರಲ್ಲಿ ಅನೇಕರು ಯೋಚಿಸುತ್ತಿರಬಹುದು. ವಿಂಡೋಸ್ 11 ಬೇಡುವ 4 ಗಿಗಾಬೈಟ್ ಮೆಮೊರಿಯೂ 64 ಗಿಗಾಬೈಟ್ ಸಂಗ್ರಹವೂ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಉಂಟು. ತೊಡಕಿರುವುದು ಬೇರೆಡೆ: ಗುಪ್ತ ಕೀಲಿಗಳನ್ನು ಕಾಯುವ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವಿರಬೇಕು. ಪ್ರೊಸೆಸರ್ ಅಂಗೀಕೃತ ಪಟ್ಟಿಯಲ್ಲಿರಬೇಕು. ಇಂಟೆಲ್‌ನ ಏಳನೆಯ ಪೀಳಿಗೆಯವು ಬಹುತೇಕ ಆ ಪಟ್ಟಿಯ ಹೊರಗೇ ಉಳಿದಿವೆ. ಇಷ್ಟಕ್ಕಾಗಿ ನಡೆಯುವ ಯಂತ್ರವನ್ನು ಮೂಲೆಗೆ ತಳ್ಳುವುದು ನಮಗೆ ಸರಿದೋರದು. ಲಿನಕ್ಸ್ ವರ್ಗದ ವ್ಯವಸ್ಥೆಗಳು ಬೆಲೆಯಿಲ್ಲದೆ ದೊರೆಯುತ್ತವೆ. ಅವುಗಳಲ್ಲಿ ಹಲವಕ್ಕೆ ಈ ನಿರ್ಬಂಧಗಳಿಲ್ಲ.

ಇನ್ನು, ಹಳೆಯದು ಮಂದವೆಂಬ ದೂರು. ಬಹಳ ಸಲ ತಪ್ಪು ಪ್ರೊಸೆಸರಿನದಲ್ಲ, ತಿರುಗುವ ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯಲ್ಲಿ, ಬೇಕಾದ ಸ್ಥಳವು ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 5.6 ಮಿಲಿಸೆಕೆಂಡು ಕಾಯಬೇಕು. ಮೊನೆಯು ಅತ್ತಿತ್ತ ಸರಿಯುವ ಕಾಲ ಬೇರೆ. ವ್ಯವಸ್ಥೆಯು ಎಚ್ಚರಗೊಳ್ಳುವಾಗ ಅಸಂಖ್ಯ ಚಿಕ್ಕ ಕಡತಗಳನ್ನು ಓದುವುದರಿಂದ ಈ ಕ್ಷಣಗಳೆಲ್ಲ ಕೂಡಿ ನಿಮಿಷಗಳಾಗುತ್ತವೆ. ಚಲಿಸುವ ಭಾಗಗಳೇ ಇಲ್ಲದ ಎಸ್.ಎಸ್.ಡಿ.ಯಲ್ಲಿ ಈ ಕಾಯುವಿಕೆ ಇಲ್ಲ.

ಹೊಸ ವ್ಯವಸ್ಥೆಯನ್ನು ಅದರಲ್ಲಿಯೇ ಸ್ಥಾಪಿಸಿ, ಮನೆಯ ಚಿತ್ರಗಳೂ ಪತ್ರಗಳೂ ಉಳಿದಿರುವ ಹಳೆಯ ಡಿಸ್ಕನ್ನು ಅಳಿಸದೆ ಕೆಲವು ತಿಂಗಳು ಹಾಗೆಯೇ ಎತ್ತಿಟ್ಟಿರುವುದು ಲೇಸು.