ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಬೆಂಗಳೂರಿನ ಬಳ್ಳಾರಿ ರಸ್ತೆಯ ಬ್ಯಾಟರಾಯನಪುರದಲ್ಲಿ ಭಾನುವಾರ ಬೆಳಿಗ್ಗೆ ಅಡ್ಡರಸ್ತೆಗಳಿಗೆ ಇಳಿದರೆ ಎಲ್ಲಾದರೊಂದು ಕಡೆ ಮಕ್ಕಳ ಕ್ರಿಕೆಟ್ ಕಣ್ಣಿಗೆ ಬೀಳುತ್ತದೆ. ಹನ್ನೆರಡು ವರ್ಷದ ಹುಡುಗರ ನಡುವೆ ಐದು ವರ್ಷದ ತಮ್ಮನೊಬ್ಬ ನುಸುಳಿರುತ್ತಾನೆ. ಅವನನ್ನು ಬಿಟ್ಟರೆ ಅಳುತ್ತಾನೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಇದಕ್ಕೆ ನಮ್ಮ ಮಕ್ಕಳು ತಲೆತಲಾಂತರದಿಂದ ಇಟ್ಟುಕೊಂಡ ಪರಿಹಾರ ಒಂದಿದೆ: ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಔಟಾದರೂ ಔಟಲ್ಲ, ಹೊಡೆದ ರನ್ನೂ ರನ್ನಲ್ಲ. ಕೆಲವು ದಿನ ಅವನಿಗೆ ಖುಷಿಯೋ ಖುಷಿ. ಆಮೇಲೊಂದು ದಿನ, ಲೆಕ್ಕಕ್ಕಿಲ್ಲದವನಿಗೆ ಗೆಲುವೂ ಇಲ್ಲ ಎಂಬುದು ಹೊಳೆಯುತ್ತದೆ. ಅಂದು ಅವನು ಬ್ಯಾಟು ಎಸೆದು ಮನೆಗೆ ಹೋಗುತ್ತಾನೆ.

ಬಲ ಹೆಚ್ಚುಕಡಿಮೆ ಇರುವ ಇಬ್ಬರು ಒಟ್ಟಿಗೆ ಆಡಬೇಕು, ಇಬ್ಬರ ಆಟವೂ ಲೆಕ್ಕಕ್ಕೆ ಬರಬೇಕು. ಇದು ಸಾಧ್ಯವೇ? ಗಾಲ್ಫ್ ಈ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದೆ. ಆ ಉತ್ತರದ ಹೆಸರು ಹ್ಯಾಂಡಿಕ್ಯಾಪ್. ಹವ್ಯಾಸಿ ಆಟಗಾರನ ಹೆಸರಿನ ಪಕ್ಕದಲ್ಲಿ ಕೂರುವ ಈ ಒಂದು ಅಂಕಿಯ ಹಿಂದೆ ಸಂಖ್ಯಾಶಾಸ್ತ್ರವಿದೆ, ಮೈದಾನವನ್ನು ತೂಗುವ ವಿಜ್ಞಾನವಿದೆ, ಮನುಷ್ಯನ ಸ್ವಭಾವದ ಬಗ್ಗೆ ಆಳವಾದ ತಿಳಿವಳಿಕೆಯೂ ಇದೆ.

ಟೋಪಿಯೊಳಗಿನ ಕೈ

ಹ್ಯಾಂಡಿಕ್ಯಾಪ್ ಎಂಬ ಪದ ಹುಟ್ಟಿದ್ದು ಇಂಗ್ಲೆಂಡಿನ ಹಳೆಯದೊಂದು ವಿನಿಮಯದಾಟದಲ್ಲಿ. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಒಂದರ ಬೆಲೆ ಹೆಚ್ಚು, ಇನ್ನೊಂದರದು ಕಡಿಮೆ. ಮಧ್ಯಸ್ಥನೊಬ್ಬ ವಸ್ತುಗಳನ್ನು ನೋಡಿ, ಕಡಿಮೆ ಬೆಲೆಯದರ ಜೊತೆ ಇಷ್ಟು ಹಣ ಸೇರಿಸಿದರೆ ಸರಿಹೋಗುತ್ತದೆ ಎಂದು ಹೇಳುತ್ತಿದ್ದ. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಇಬ್ಬರೂ ಟೋಪಿಯೊಳಗೆ ಕೈಯಿಟ್ಟು ಸೂಚಿಸುತ್ತಿದ್ದರು. 'ಟೋಪಿಯೊಳಗೆ ಕೈ' ಎಂಬರ್ಥದ ಇಂಗ್ಲಿಷ್ ಮಾತೇ ಸವೆದು ಹ್ಯಾಂಡಿಕ್ಯಾಪ್ ಆಯಿತು. ಮುಂದೆ ಅದು ಕುದುರೆ ಪಂದ್ಯಕ್ಕೆ ಹೋಯಿತು: ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿದರು. ಅಲ್ಲಿಂದ ಗಾಲ್ಫಿಗೆ ಬಂತು. ಮೂಲದಲ್ಲಿ ಈ ಪದಕ್ಕೆ ಕೊರತೆ ಎಂಬ ಅರ್ಥವಿರಲಿಲ್ಲ. ಇದ್ದದ್ದು ಸರಿತೂಗಿಸುವುದು ಎಂಬ ಅರ್ಥ.

ಗಾಲ್ಫಿನ ಒಂದು ಸುತ್ತಿನಲ್ಲಿ 18 ಹೋಲ್‌ಗಳು, ಅಂದರೆ ಚೆಂಡನ್ನು ಹೊಡೆದು ಸೇರಿಸಬೇಕಾದ ಕುಳಿಗಳು. ಪ್ರತಿ ಹೋಲನ್ನೂ ನುರಿತ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬೇಕೋ ಆ ಸಂಖ್ಯೆ ಪಾರ್. ಎಲ್ಲ ಹೋಲ್‌ಗಳ ಪಾರ್ ಕೂಡಿದರೆ ಸಾಮಾನ್ಯವಾಗಿ 72ರ ಆಸುಪಾಸು ಬರುತ್ತದೆ. ಯಾರ ಹೊಡೆತ ಕಡಿಮೆಯೋ ಅವರು ಗೆದ್ದರು. ಹವ್ಯಾಸಿಗಳ ಪಂದ್ಯದಲ್ಲಿ ಒಟ್ಟು ಹೊಡೆತಗಳಿಂದ ಅವರವರ ಹ್ಯಾಂಡಿಕ್ಯಾಪ್ ಕಳೆಯುತ್ತಾರೆ. ಉಳಿಯುವ ನಿವ್ವಳ ಸ್ಕೋರಿನ ಮೇಲೆ ಸೋಲು ಗೆಲುವು.

89 ಮೇಲೋ, 95 ಮೇಲೋ?

ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆ ಹಿಡಿದು ನಗರದತ್ತ ಹೊರಟರೆ, ಹೆಬ್ಬಾಳ, ಮೇಖ್ರಿ ವೃತ್ತ ದಾಟಿ, ಸ್ಯಾಂಕಿ ರಸ್ತೆಯಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸಿಗುತ್ತದೆ. 1876ರಲ್ಲಿ ಹುಟ್ಟಿದ ಇದು ದೇಶದ ಅತಿ ಹಳೆಯ ಗಾಲ್ಫ್ ಕ್ಲಬ್‌ಗಳಲ್ಲೊಂದು. ಊರ ನಡುವಿನ ಚಿಕ್ಕ ಮೈದಾನ. ಬಳ್ಳಾರಿ ರಸ್ತೆಯಲ್ಲೇ ಬೆನ್ನು ತಿರುಗಿಸಿ ಯಲಹಂಕ, ದೇವನಹಳ್ಳಿ ದಾಟಿ ಹೋದರೆ ನಂದಿಬೆಟ್ಟದ ತಪ್ಪಲಲ್ಲಿ ಹೊಸ ಕಾಲದ ಉದ್ದನೆಯ ಮೈದಾನವಿದೆ. ಒಬ್ಬರು ಅಲ್ಲಿ ಆಡಿದರು, ಇನ್ನೊಬ್ಬರು ಇಲ್ಲಿ ಆಡಿದರು. ಅವರ ಸ್ಕೋರುಗಳನ್ನು ಹೋಲಿಸುವುದು ಹೇಗೆ?

ಇದಕ್ಕಾಗಿ ಮೊದಲು ಮೈದಾನವನ್ನೇ ತೂಗಬೇಕು. ತರಬೇತಾದ ತಂಡವೊಂದು ಮೈದಾನಕ್ಕೆ ಬಂದು ಪ್ರತಿ ಹೋಲನ್ನೂ ಅಳೆಯುತ್ತದೆ. ಅವರ ಮನಸ್ಸಿನಲ್ಲಿ ಇಬ್ಬರು ಮಾದರಿ ಆಟಗಾರರಿರುತ್ತಾರೆ. ಒಬ್ಬ 'ಸ್ಕ್ರ್ಯಾಚ್' ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ; ಮೊದಲ ಹೊಡೆತ 250 ಗಜ ಹೋಗುತ್ತದೆ. ಇನ್ನೊಬ್ಬ 'ಬೋಗಿ' ಆಟಗಾರ, ಹ್ಯಾಂಡಿಕ್ಯಾಪ್ ಸುಮಾರು 20. ಮೊದಲ ಹೊಡೆತ 200 ಗಜ. ಮಹಿಳೆಯರಿಗೆ ಈ ದೂರಗಳು 210 ಮತ್ತು 150 ಗಜ. ಇವರ ಚೆಂಡು ಎಲ್ಲಿ ಬೀಳುತ್ತದೆ, ಅಲ್ಲಿ ಮರವಿದೆಯೇ, ನೀರಿದೆಯೇ, ಮರಳುಗುಂಡಿಯಿದೆಯೇ, ನೆಲ ಇಳಿಜಾರೇ ಎಂದು ಹತ್ತು ಬಗೆಯ ಅಡ್ಡಿಗಳನ್ನು ನೋಡುತ್ತಾರೆ. ಹತ್ತನೆಯದು ಮಾನಸಿಕ ಅಡ್ಡಿ: ಎದುರಿನ ಕೆರೆ ಕಂಡು ಕೈ ನಡುಗುವುದಕ್ಕೂ ಅಂಕವಿದೆ.

ಕೊನೆಗೆ ಎರಡು ಸಂಖ್ಯೆ ಹೊರಬರುತ್ತವೆ. ಸ್ಕ್ರ್ಯಾಚ್ ಆಟಗಾರನಿಗೆ ಈ ಮೈದಾನದಲ್ಲಿ ಎಷ್ಟು ಹೊಡೆತ ಬೇಕು ಎಂಬುದು ಕೋರ್ಸ್ ರೇಟಿಂಗ್. ಅವನಿಗಿಂತ ಬೋಗಿ ಆಟಗಾರನಿಗೆ ಎಷ್ಟು ಹೆಚ್ಚು ಕಷ್ಟ ಎಂಬುದು ಸ್ಲೋಪ್ ರೇಟಿಂಗ್. ಸ್ಲೋಪ್ 55ರಿಂದ 155ರವರೆಗೆ ಇರಬಹುದು, 113 ನಡುಮಟ್ಟ. ಮೈದಾನ ಕಠಿಣವಾದಷ್ಟೂ ಪೆಟ್ಟು ಬೀಳುವುದು ದುರ್ಬಲನಿಗೇ ಹೆಚ್ಚು ಎಂಬ ಅನುಭವದ ಮಾತನ್ನು ಈ ಸಂಖ್ಯೆ ಗಣಿತಕ್ಕೆ ಇಳಿಸಿತು. 1970ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದವರಲ್ಲಿ ಪ್ರಮುಖರು ಅಮೆರಿಕದ ಡೀನ್ ನುತ್.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಷ್ಟೇ, ಯಾವ ಮೈದಾನದವೂ ಅಲ್ಲ. ಸುಲಭ ಮೈದಾನದ ರೇಟಿಂಗ್ 66.8, ಸ್ಲೋಪ್ 116. ಅಲ್ಲಿ 89 ಹೊಡೆತ. ಕಠಿಣ ಮೈದಾನದ ರೇಟಿಂಗ್ 71.2, ಸ್ಲೋಪ್ 128. ಅಲ್ಲಿ 95 ಹೊಡೆತ. ಸ್ಕೋರಿನಿಂದ ರೇಟಿಂಗ್ ಕಳೆಯಿರಿ, 113ರಿಂದ ಗುಣಿಸಿ, ಸ್ಲೋಪ್‌ನಿಂದ ಭಾಗಿಸಿ. ಮೊದಲನೆಯದಕ್ಕೆ 21.6 ಬರುತ್ತದೆ, ಎರಡನೆಯದಕ್ಕೆ 21.0. ಇದನ್ನು ಡಿಫರೆನ್ಷಿಯಲ್ ಎನ್ನುತ್ತಾರೆ, ಕಡಿಮೆಯಾದಷ್ಟೂ ಒಳ್ಳೆಯದು. ಅಂದರೆ ಆರು ಹೊಡೆತ ಹೆಚ್ಚು ಹೊಡೆದವರೇ ಮೇಲಾಗಿ ಆಡಿದ್ದಾರೆ!

ಇಪ್ಪತ್ತರಲ್ಲಿ ಎಂಟು

2020ರ ಜನವರಿಯವರೆಗೆ ಜಗತ್ತಿನಲ್ಲಿ ಆರು ಹ್ಯಾಂಡಿಕ್ಯಾಪ್ ಪದ್ಧತಿಗಳಿದ್ದವು. ಬ್ರಿಟನ್ನಿನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಎಂಬ ಗಾಲ್ಫ್ ಆಡಳಿತ ಸಂಸ್ಥೆಗಳು ಸೇರಿ ಅವನ್ನು ಒಂದಾಗಿಸಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಜಾರಿಗೆ ತಂದವು. ನಿಯಮ ಸರಳ: ಇತ್ತೀಚಿನ 20 ಸುತ್ತುಗಳ ಡಿಫರೆನ್ಷಿಯಲ್‌ಗಳಲ್ಲಿ ಅತ್ಯುತ್ತಮ 8ನ್ನು ಆರಿಸಿ ಸರಾಸರಿ ತೆಗೆದರೆ ಬರುವುದೇ ಹ್ಯಾಂಡಿಕ್ಯಾಪ್ ಸೂಚ್ಯಂಕ. ಹೊಸ ಸುತ್ತು ಸೇರಿದಾಗ ಇಪ್ಪತ್ತೊಂದನೆಯ ಹಳೆಯದು ಉದುರುತ್ತದೆ. ಗರಿಷ್ಠ ಮಿತಿ 54.

ಇಪ್ಪತ್ತನ್ನೂ ಕೂಡಿಸಿ ಸರಾಸರಿ ತೆಗೆದರೆ ಆಗದೇ? ಆಗುವುದಿಲ್ಲ, ಅದಕ್ಕೆ ಎರಡು ಕಾರಣ. ಚೆನ್ನಾಗಿ ಆಡುವುದಕ್ಕೆ ಒಂದು ಎಲ್ಲೆಯಿದೆ, ಕೆಡುವುದಕ್ಕೆ ಇಲ್ಲ. ಒಂದೇ ಕೆರೆಗೆ ಮೂರು ಚೆಂಡು ಹೋದ ದಿನ ಸರಾಸರಿಯನ್ನು ಎಳೆದು ಹಾಕುತ್ತದೆ. ಎರಡನೆಯದು ಇನ್ನೂ ಮುಖ್ಯ: ಕೆಟ್ಟದಾಗಿ ಆಡಿದಂತೆ ನಟಿಸಬಹುದು, ಚೆನ್ನಾಗಿ ಆಡಿದಂತೆ ನಟಿಸಲು ಬರುವುದಿಲ್ಲ. ಒಳ್ಳೆಯ ಸುತ್ತು ನಿಮ್ಮ ಸಾಮರ್ಥ್ಯಕ್ಕೆ ಸಾಕ್ಷಿ. ಹಾಗಾಗಿ ಹ್ಯಾಂಡಿಕ್ಯಾಪ್ ಅಳೆಯುವುದು ನೀವು ದಿನವೂ ಹೇಗೆ ಆಡುತ್ತೀರಿ ಎಂಬುದನ್ನಲ್ಲ, ಹೇಗೆ ಆಡಬಲ್ಲಿರಿ ಎಂಬುದನ್ನು.

ಇದರಿಂದ ಒಂದು ಫಲಿತಾಂಶ ಹುಟ್ಟುತ್ತದೆ. ತಿಳಿಯದಿದ್ದರೆ ಅದು ಹೊಸ ಆಟಗಾರರ ಮನಸ್ಸು ಮುದುಡಿಸುತ್ತದೆ. ನಿಮ್ಮ ಡಿಫರೆನ್ಷಿಯಲ್‌ಗಳು ಸರಾಸರಿಯ ಎರಡೂ ಬದಿಗೆ ಗಂಟೆಯಾಕಾರದಲ್ಲಿ ಹರಡಿವೆ ಎಂದುಕೊಳ್ಳಿ. ಆಗ ಇಪ್ಪತ್ತರಲ್ಲಿ ಅತ್ಯುತ್ತಮ ಎಂಟರ ಸರಾಸರಿಯು ಒಟ್ಟು ಸರಾಸರಿಗಿಂತ ಸುಮಾರು 0.93 ಮಾನಕ ವಿಚಲನೆಯಷ್ಟು ಕೆಳಗಿರುತ್ತದೆ. ಮಾನಕ ವಿಚಲನೆ ಎಂದರೆ ಆಟ ದಿನದಿಂದ ದಿನಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ. ಅದು 3.5 ಇದ್ದರೆ, ಸರಾಸರಿ 21 ಇರುವವರ ಸೂಚ್ಯಂಕ ಹದಿನೆಂಟರ ಹತ್ತಿರ ಬರುತ್ತದೆ. ಅವರು ತಮ್ಮ ಸೂಚ್ಯಂಕದ ಮಟ್ಟಕ್ಕೆ ಆಡುವುದು ಐದಾರು ಸುತ್ತಿಗೆ ಒಮ್ಮೆ ಮಾತ್ರ. ಉಳಿದ ದಿನ ಆ ಮಟ್ಟ ಮುಟ್ಟದಿದ್ದರೆ ಆಟ ಕೆಟ್ಟಿತೆಂದಲ್ಲ, ಗಣಿತ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಒಂದು ಅದ್ಭುತ ಭಾನುವಾರದ ನಂತರ ಮರುವಾರ ಸಪ್ಪೆಯಾಗುವುದೂ ಹೀಗೆಯೇ. ಸಂಖ್ಯಾಶಾಸ್ತ್ರಜ್ಞರು ಅದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ.

ಗಾಳಿಯ ಪಾಲು, ಮಳೆಯ ಪಾಲು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಅಂದರೆ 3000 ಅಡಿ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 8–9ರಷ್ಟು ತೆಳು. ಚೆಂಡನ್ನು ತಡೆಯುವ ಗಾಳಿ ಕಡಿಮೆ, ಹೀಗಾಗಿ ಅದು ದೂರ ಹೋಗುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ ಆಡಿ ರೂಢಿಯಾದವರು ಇಲ್ಲಿ ಅದೇ ಕೋಲು (ಕ್ಲಬ್) ಹಿಡಿದು ಅದೇ ಬಲದಿಂದ ಹೊಡೆದರೆ ಚೆಂಡು ಕೆಲವು ಗಜ ಮುಂದೆ ಬೀಳುತ್ತದೆ. ಇದು ಆಟಗಾರನ ಹೆಚ್ಚುಗಾರಿಕೆಯಲ್ಲ, ಪ್ರಸ್ಥಭೂಮಿಯ ಕೊಡುಗೆ. ಆದ್ದರಿಂದ 2000 ಅಡಿಗಿಂತ ಎತ್ತರದ ಮೈದಾನಗಳ ರೇಟಿಂಗಿನಲ್ಲಿ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಮಳೆ ಬಂದು ನೆಲ ನೆನೆದ ದಿನ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಉರುಳುವುದಿಲ್ಲ. ಆ ದಿನ ಎಲ್ಲರ ಸ್ಕೋರೂ ಏರುತ್ತದೆ. ಅಂದು ಕನಿಷ್ಠ ಎಂಟು ಅರ್ಹ ಸ್ಕೋರುಗಳು ದಾಖಲಾಗಿದ್ದರೆ, ಗಣಕ ಅವನ್ನು ಆಯಾ ಆಟಗಾರರ ನಿರೀಕ್ಷಿತ ಸ್ಕೋರಿನೊಂದಿಗೆ ಹೋಲಿಸುತ್ತದೆ. ದಿನ ನಿಜಕ್ಕೂ ಕಠಿಣವಾಗಿದ್ದರೆ ಡಿಫರೆನ್ಷಿಯಲ್ ಲೆಕ್ಕದಲ್ಲಿ ಮೂರು ಹೊಡೆತದವರೆಗೂ ವಿನಾಯಿತಿ. ತೀರಾ ಸುಲಭವಾಗಿದ್ದರೆ ಒಂದು ಹೊಡೆತ ಬಿಗಿ. ಒಬ್ಬನ ಸ್ಕೋರು ಅವನ ದಿನವನ್ನು ಹೇಳುತ್ತದೆ, ಎಲ್ಲರ ಸ್ಕೋರು ಕೂಡಿದರೆ ಹವೆಯನ್ನು ಹೇಳುತ್ತದೆ.

ಪುಸ್ತಕ ಇಡುವುದು

ಭಾರತದಲ್ಲಿ ಹ್ಯಾಂಡಿಕ್ಯಾಪ್‌ನ ಹೊಣೆ ಇಂಡಿಯನ್ ಗಾಲ್ಫ್ ಯೂನಿಯನ್‌ನದು. ಸ್ಕೋರು ದಾಖಲಾಗುವುದು ಕ್ಲಬ್‌ನ ಮೂಲಕ. ಶುರುಮಾಡಲು 54 ಹೋಲ್‌ಗಳು, ಅಂದರೆ ಮೂರು ಪೂರ್ಣ ಸುತ್ತುಗಳು ಸಾಕು. ಮೂರು ಡಿಫರೆನ್ಷಿಯಲ್‌ಗಳಲ್ಲಿ ಅತ್ಯುತ್ತಮವಾದದ್ದರಿಂದ 2 ಕಳೆದು ಮೊದಲ ಸೂಚ್ಯಂಕ ಕೊಡುತ್ತಾರೆ. ಅಂಕಿಯನ್ನು ಯಂತ್ರ ಲೆಕ್ಕ ಹಾಕಿದರೂ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ದಿನ, ಮೈದಾನ, ರೇಟಿಂಗ್, ಸ್ಲೋಪ್, ಸ್ಕೋರು ಬರೆಯಿರಿ. ಪಕ್ಕದಲ್ಲಿ ಹೊಡೆತಗಳು ಎಲ್ಲಿ ಪೋಲಾದವು ಎಂದೂ ಬರೆಯಿರಿ. ಇಪ್ಪತ್ತು ಸುತ್ತಾದ ಮೇಲೆ ತಿರುಗಿಸಿ ನೋಡಿದರೆ, ಯಾವುದನ್ನು ಅಭ್ಯಾಸ ಮಾಡಬೇಕೆಂದು ಆ ಪುಸ್ತಕವೇ ಹೇಳುತ್ತದೆ.

ಒಂದು ಹೋಲ್ ಕೈಕೊಟ್ಟರೆ ಸುತ್ತೇ ಹಾಳಾಗಬಾರದು. ಅದಕ್ಕೂ ಮಿತಿಯಿದೆ: ಪಾರ್, ಅದಕ್ಕೆ ಎರಡು, ಜೊತೆಗೆ ಆ ಹೋಲಿನಲ್ಲಿ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ ಹೊಡೆತ. ಪಾರ್ ನಾಲ್ಕರ ಹೋಲಿನಲ್ಲಿ ನಿಮಗೆ ಒಂದು ಹೊಡೆತ ಸಿಗುವುದಿದ್ದರೆ, 11 ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವುದು 7 ಮಾತ್ರ.

ಪುಸ್ತಕವನ್ನು ಕೆಡಿಸಲು ಎರಡು ದಾರಿಯಿವೆ. ಒಳ್ಳೆಯ ಸ್ಕೋರು ಮುಚ್ಚಿಟ್ಟರೆ ಸೂಚ್ಯಂಕ ಏರುತ್ತದೆ, ಪಂದ್ಯದಲ್ಲಿ ಗೆಲುವು ಸುಲಭವಾಗುತ್ತದೆ. ಇದು ಜೊತೆಯವರಿಗೆ ಮಾಡುವ ಮೋಸ. ಕೆಟ್ಟ ಸ್ಕೋರು ಮುಚ್ಚಿಟ್ಟರೆ ಹಳೆಯ ಒಳ್ಳೆಯ ಸುತ್ತುಗಳು ಉದುರದೆ ಉಳಿದು ಸೂಚ್ಯಂಕ ಚೆಂದ ಕಾಣುತ್ತದೆ. ಇದು ತನಗೆ ತಾನೇ ಮಾಡಿಕೊಳ್ಳುವ ಮೋಸ. ಪದ್ಧತಿ ಮೊದಲನೆಯದಕ್ಕೆ ಬೇಲಿ ಕಟ್ಟಲು ನೋಡಿದೆ. ಒಂದು ವರ್ಷದ ಅತಿ ಕಡಿಮೆ ಸೂಚ್ಯಂಕಕ್ಕಿಂತ 3 ಏರಿದ ಮೇಲೆ ಮುಂದಿನ ಏರಿಕೆ ಅರ್ಧಕ್ಕಿಳಿಯುತ್ತದೆ, 5ಕ್ಕೆ ನಿಲ್ಲುತ್ತದೆ. ಸೂಚ್ಯಂಕಕ್ಕಿಂತ 7 ಅಥವಾ ಹೆಚ್ಚು ಹೊಡೆತ ಮೇಲಾಗಿ ಆಡಿದರೆ ತಕ್ಷಣ ಹೆಚ್ಚುವರಿ ಕಡಿತವಿದೆ. ಆದರೆ ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ಕಾಯುವುದು ಬರೆಯುವ ಕೈಯೇ. ಸ್ಕೋರ್ ಕಾರ್ಡಿಗೆ ಜೊತೆಗಾರ ಸಹಿ ಹಾಕುವ ಪದ್ಧತಿ ಅದಕ್ಕಾಗಿಯೇ ಉಳಿದುಕೊಂಡಿದೆ.

ಒಂದು ಹೊಡೆತದ ತೂಕ

ನಮ್ಮ ಕಠಿಣ ಮೈದಾನಕ್ಕೇ ಮರಳೋಣ; ಅದರ ಪಾರ್ 72. ಸೂಚ್ಯಂಕ 18 ಇರುವ ನಿವೃತ್ತ ಅಧ್ಯಾಪಕಿಯೊಬ್ಬರು, ಸೂಚ್ಯಂಕ 6 ಇರುವ ಅವರ ಅಳಿಯ ಅಲ್ಲಿ ಆಡುತ್ತಾರೆ ಎಂದುಕೊಳ್ಳಿ. ಒಂದೇ ಟೀಯಿಂದ (ಮೊದಲ ಹೊಡೆತದ ಜಾಗ) ಆಡಿದರೂ ಮಹಿಳೆಯರಿಗೆ ಬೇರೆ ರೇಟಿಂಗ್ ಇರುತ್ತದೆ. ಅವರು ಆಡುವ ಟೀಗೂ ಅದು 71.2, 128 ಎಂದೇ ಹಿಡಿಯೋಣ. ಸೂಚ್ಯಂಕವನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗಿಗೂ ಪಾರ್‌ಗೂ ಇರುವ ವ್ಯತ್ಯಾಸ ಸೇರಿಸಿದರೆ ಅತ್ತೆಗೆ 20 ಹೊಡೆತ ಸಿಗುತ್ತವೆ, ಅಳಿಯನಿಗೆ 6. ಸೂಚ್ಯಂಕದಲ್ಲಿ ಅಂತರ ಹನ್ನೆರಡೇ, ಮೈದಾನ ಕಠಿಣವಾದ್ದರಿಂದ ಅದು ಹದಿನಾಲ್ಕಾಯಿತು. ಅಳಿಯ 78 ಹೊಡೆದು ಮುಗಿಸುತ್ತಾನೆ: ನಿವ್ವಳ 72. ಅತ್ತೆ ತಮ್ಮ ಐದಾರು ಸುತ್ತಿಗೊಮ್ಮೆ ಬರುವ ಒಳ್ಳೆಯ ದಿನದಲ್ಲಿ 91ಕ್ಕೆ ಮುಗಿಸುತ್ತಾರೆ: ನಿವ್ವಳ 71. ಗೆಲುವು ಒಂದು ಹೊಡೆತದಿಂದ.

ವೃತ್ತಿಪರರಿಗೆ ಈ ಏರ್ಪಾಡಿಲ್ಲ. ಬೆಂಗಳೂರಿನಲ್ಲೇ ಆಟ ಕಲಿತ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ಕಂಚಿಗೂ ಅವರಿಗೂ ನಡುವೆ ಇದ್ದದ್ದು ಒಂದೇ ಹೊಡೆತ. ಆ ಒಂದು ಹೊಡೆತವನ್ನು ಇಡೀ ದೇಶ ಬೆಳಗಿನ ಜಾವ ಎದ್ದು ಕೂತು ಎಣಿಸಿತು. ನಂದಿಬೆಟ್ಟದ ತಪ್ಪಲಲ್ಲೋ ಸ್ಯಾಂಕಿ ರಸ್ತೆಯಲ್ಲೋ ಅತ್ತೆ ಗೆಲ್ಲುವ ಒಂದು ಹೊಡೆತವನ್ನು ಯಾರೂ ಕಾದು ನೋಡುವುದಿಲ್ಲ. ಆದರೂ ಅದರ ಹಿಂದೆ ಅಳೆದ ಮೈದಾನವಿದೆ, ತೂಗಿದ ಗಾಳಿಯಿದೆ, ಪ್ರಾಮಾಣಿಕವಾಗಿ ಬರೆದಿಟ್ಟ ಇಪ್ಪತ್ತು ಸುತ್ತುಗಳಿವೆ. ಯಾರೂ ಅವರಿಗೆ ಬಿಟ್ಟುಕೊಟ್ಟಿಲ್ಲ. ಅವರು ಲೆಕ್ಕಕ್ಕೆ ಸೇರಿ ಗೆದ್ದಿದ್ದಾರೆ.

ನಮ್ಮ ಅಡ್ಡರಸ್ತೆಯ ಐದು ವರ್ಷದ ಹುಡುಗ ಬ್ಯಾಟು ಎಸೆದು ಕೇಳಿದ್ದೂ ಇಷ್ಟನ್ನೇ.