ಸಗಣಿಯ ಮೇಲಿನ ಅಣಬೆ ಯಾವುದು?

ಪ್ರಶ್ನೆ: ಮಳೆ ಹಿಡಿದರೆ ನಮ್ಮ ಕಾಫಿ ತೋಟದಂಚಿನ ಸಗಣಿಯ ಮೇಲೆ ಹೊಂಬಣ್ಣದ ಅಣಬೆ ಏಳುತ್ತದೆ. ಕಾಂಡ ಚಿವುಟಿದರೆ ನೀಲಿಗಟ್ಟುತ್ತದೆ. ಇದೇನಾ ‘ಮ್ಯಾಜಿಕ್ ಮಶ್ರೂಮ್’? ಯಾವ ತಳಿ?
– ಓದುಗರೊಬ್ಬರು, ವಸ್ತಾರೆ

ಉತ್ತರ: ಇರಬಹುದು. ‘ಮ್ಯಾಜಿಕ್ ಮಶ್ರೂಮ್’ ಎನಿಸಿಕೊಳ್ಳುವ ಸಿಲೊಸೈಬೆ ಕ್ಯೂಬೆನ್ಸಿಸ್ ಸಗಣಿಯಲ್ಲೇ ಬೆಳೆಯುವಂಥದ್ದು. ಅದರೊಳಗಿನ ಸಿಲೊಸಿನ್ ಗಾಳಿ ತಾಗಿದಾಗ ನೀಲಿಯಾಗುತ್ತದೆ. ಆದರೆ ಸಗಣಿಯ ಮೇಲೇಳುವ ಪೆನಿಯೊಲಸ್ ಸಯನೆಸೆನ್ಸ್ ಕೂಡ ನೀಲಿಯಾಗುತ್ತದೆ. ಅಮಲೇರಿಸದ ಕೆಲವು ಬೊಲೀಟ್ ಅಣಬೆಗಳೂ ಹಾಗೇ. ಟೋಪಿಯನ್ನು ಬಿಳಿ ಕಾಗದದ ಮೇಲೆ ಕವುಚಿಟ್ಟರೆ ಉದುರುವ ಬೀಜಕಣದ ಪುಡಿ ಕ್ಯೂಬೆನ್ಸಿಸ್‌ನಲ್ಲಿ ನೇರಳೆಗಂದು, ಪೆನಿಯೊಲಸ್‌ನಲ್ಲಿ ಕಪ್ಪು. ಖಚಿತವಾಗಲು ಸೂಕ್ಷ್ಮದರ್ಶಕ ಬೇಕು.

‘ಗೋಲ್ಡನ್ ಟೀಚರ್’ ಮುಂತಾದವು ಕ್ಯೂಬೆನ್ಸಿಸ್ ತಳಿಗಳಿಗೆ ಬೆಳೆಸುವವರು ಇಟ್ಟ ಹೆಸರುಗಳು; ಕಾಡಿನ ಅಣಬೆಯ ರೂಪ ನೋಡಿ ತಳಿ ಹೇಳಲಾಗದು. 1906ರಲ್ಲಿ ಕ್ಯೂಬಾದ ಮಾದರಿಯಿಂದ ವರ್ಣಿಸಿದ್ದಕ್ಕೆ ‘ಕ್ಯೂಬೆನ್ಸಿಸ್’ ಎಂಬ ಹೆಸರು ಬಂತು. ಆದರೆ ಈ ಅಣಬೆಗೆ ಸಗಣಿ ಒದಗಿಸುವ ದನ ಅಮೆರಿಕ ಖಂಡಗಳಿಗೆ ಕಾಲಿಟ್ಟದ್ದೇ 1493ರಲ್ಲಿ, ಕೊಲಂಬಸನ ಎರಡನೇ ಯಾನದೊಂದಿಗೆ. ಹಾಗಾಗಿ ಹೆಸರು ನೋಡಿ ತವರು ನಿರ್ಧರಿಸುವಂತಿಲ್ಲ.

ಹುತ್ತದ ಅಣಬೆ ಕಿತ್ತು ಸಾರು ಮಾಡುವ ರೂಢಿಯ ಧೈರ್ಯ ಇಲ್ಲಿ ಬೇಡ. ಗ್ಯಾಲರಿನಾದಂಥ ಕಂದು ಅಣಬೆಗಳ ವಿಷ ಸಾಮಾನ್ಯವಾಗಿ 6 ಗಂಟೆ ಕಳೆದ ಮೇಲೆ ಲಕ್ಷಣ ತೋರಿಸುತ್ತದೆ, ಯಕೃತ್ತನ್ನೇ ಕೆಡಿಸುತ್ತದೆ. ಮ್ಯಾಜಿಕ್ ಮಶ್ರೂಮ್‌ನ ಅಮಲಿನ ಅಂಶವಾದ ಸಿಲೊಸೈಬಿನ್ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದೆ. ಯಾರಾದರೂ ತಿಂದಿದ್ದರೆ ಉಳಿದ ತುಂಡಿನೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.